ಐಸ್ ಕಟ್ಟಿದ ಕೆರೆ ಮೇಲೆ ಕಾರು ಓಡಿಸಬಹುದಾ? ಮಿನ್ನೆಸೋಟಾದವರು ದಯವಿಟ್ಟು ಹೇಳಿ

ತಿಪಟೂರು_ಹುಡುಗ
ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಮಿನ್ನೆಸೋಟಾ ರಾಜ್ಯದ ಮಿನಿಯಾಪೊಲಿಸ್‌ಗೆ ಬಂದ ಮೇಲೆ ಇದು ಎರಡನೇ ಚಳಿಗಾಲ. ನನ್ನ ಆಫೀಸಿನವರೊಬ್ಬರು ಮುಂದಿನ ಶನಿವಾರ ಮಿಲ್ ಲ್ಯಾಕ್ಸ್ ಲೇಕಿಗೆ ಕರೆದಿದ್ದಾರೆ. ಅಲ್ಲಿ ಅವರ ಫಿಶ್ ಹೌಸ್ ಇದೆ. ಐಸ್ ಮೇಲೆ ಎಳೆದು ತಂದು ನಿಲ್ಲಿಸಿರುವ ಪುಟ್ಟ ಮನೆ ಅದು. ಒಳಗೆ ಹೀಟರ್ ಇರುತ್ತದೆ, ನೆಲದಲ್ಲಿ ತೂತು ಇರುತ್ತದೆ, ಆ ತೂತಿನಲ್ಲಿ ಗಾಳ ಬಿಟ್ಟು ಕೂರುವುದು. "ದಡದಿಂದ ಎರಡು ಮೈಲಿ ಒಳಗಿದೆ, ನಿಮ್ಮ ಕಾರಿನಲ್ಲೇ ಬಂದುಬಿಡಿ" ಅಂದರು.

ಹೋದ ಭಾನುವಾರ ದಡಕ್ಕೆ ಹೋಗಿ ನೋಡಿ ಬಂದೆವು. ಜಾತ್ರೆಯ ಹಾಗೆ ಗಾಡಿಗಳು ನಿಂತಿದ್ದವು. ಆದರೂ ನನ್ನ ಹೆಂಡತಿಗೆ ಧೈರ್ಯ ಬರುತ್ತಿಲ್ಲ. ನಮ್ಮ ಜೊತೆ 6 ವರ್ಷದ ಮಗಳು ಇದ್ದಾಳೆ. ಗಾಡಿ ಹೊಂಡಾ ಸಿಆರ್‌ವಿ. ಎಷ್ಟು ದಪ್ಪ ಇದ್ದರೆ ಹೋಗಬಹುದು? ಅಷ್ಟು ದಪ್ಪ ಇದೆ ಅಂತ ತಿಳಿಯುವುದು ಹೇಗೆ? ಸೀಟ್ ಬೆಲ್ಟ್ ಹಾಕಬಾರದು ಅಂತಾರಲ್ಲ, ಅದು ನಿಜವಾ?

ಬೆಳಗಾವಿ_ಅಕ್ಕ
ಹೋಗಬೇಡಿ. ಮಗು ಇದೆ.

ಡುಲುತ್_ರಾಯ
ಅಕ್ಕ, ಸುಮ್ನೆ ಹೆದರಿಸಬೇಡಿ. ಇಲ್ಲಿ ನನಗಿದು 19ನೇ ಚಳಿಗಾಲ. ಹೆದರಿಕೆಗಿಂತ ಲೆಕ್ಕ ಮುಖ್ಯ.

ಡಿಎನ್‌ಆರ್ ಅಂದರೆ ಇಲ್ಲಿನ ರಾಜ್ಯ ಸರ್ಕಾರದ ನೈಸರ್ಗಿಕ ಸಂಪನ್ಮೂಲ ಇಲಾಖೆ. ಅವರು ಕೊಡುವ ಲೆಕ್ಕ ಹೀಗಿದೆ. ನಡೆದು ಹೋಗಲು 4 ಇಂಚು. ಸ್ನೋಮೊಬೈಲ್‌ಗೆ, ಅಂದರೆ ಹಿಮದ ಮೇಲೆ ಓಡುವ ಬೈಕಿನಂಥ ಗಾಡಿಗೆ, 5ರಿಂದ 7. ಸಣ್ಣ ಕಾರಿಗೆ 9ರಿಂದ 10. ನಿಮ್ಮಂಥ ಎಸ್‌ಯುವಿಗೆ 11ರಿಂದ 12. ಪಿಕಪ್ ಟ್ರಕ್ಕಿಗೆ 13. ಇನ್ನೂ ಭಾರಿ ಟ್ರಕ್ ಆದರೆ 16, 17. ಇದೆಲ್ಲ ಹೊಸದಾಗಿ ಕಟ್ಟಿದ, ಗಟ್ಟಿಯಾದ, ತಿಳಿ ಐಸ್‌ಗೆ ಮಾತ್ರ. ಮೊಸರಿನ ಹಾಗೆ ಬೆಳ್ಳಗಿದ್ದರೆ ಎರಡರಷ್ಟು ದಪ್ಪ ಬೇಕು. ಬೆಳ್ಳಗಿರುವುದು ಅಂದರೆ ಹಿಮ ನೀರು ಕುಡಿದು ಮತ್ತೆ ಹೆಪ್ಪುಗಟ್ಟಿದ್ದು. ಒಳಗೆಲ್ಲ ಗಾಳಿ ಗುಳ್ಳೆ ಇರುತ್ತದೆ.

ಇನ್ನೊಂದು ಮಾತು. ಡಿಎನ್‌ಆರ್‌ನವರು ಯಾವ ಕೆರೆಯನ್ನೂ ಅಳೆದು "ಇದು ಸುರಕ್ಷಿತ" ಅಂತ ಹೇಳುವುದಿಲ್ಲ. ನೂರಕ್ಕೆ ನೂರು ಸುರಕ್ಷಿತವಾದ ಐಸ್ ಅಂತ ಇಲ್ಲವೇ ಇಲ್ಲ ಅಂತ ಅವರೇ ಪ್ರತಿ ವರ್ಷ ಹೇಳುತ್ತಾರೆ. ಅಳೆಯುವುದು ನಮ್ಮ ಕೆಲಸ.

ಗಾಳಗಾರ_ಗೌಡ
ನಾನು 11 ವರ್ಷದಿಂದ ಟ್ರಕ್ ತಗೊಂಡು ಹೋಗುತ್ತಿದ್ದೇನೆ. ಇವತ್ತಿನವರೆಗೆ ಒಂದು ಚಕ್ರವೂ ಒದ್ದೆಯಾಗಿಲ್ಲ. ರೆಸಾರ್ಟಿನವರು ದುಡ್ಡು ತಗೊಂಡು ರಸ್ತೆ ಮಾಡಿಕೊಟ್ಟಿರುತ್ತಾರೆ. ಹಿಮ ತಳ್ಳಿ, ಗುರುತಿಗೆ ಕೋಲು ನೆಟ್ಟು, ಬಿರುಕು ಬಿಟ್ಟ ಕಡೆ ಸೇತುವೆ ಕೂಡ ಹಾಕಿರುತ್ತಾರೆ. ಆ ರಸ್ತೆ ಬಿಟ್ಟು ಆಚೀಚೆ ಹೋಗದಿದ್ದರೆ ಆಯ್ತು. ಇಷ್ಟೊಂದು ತಲೆಬಿಸಿ ಯಾಕೆ?

ಡುಲುತ್_ರಾಯ
ಗೌಡ್ರೇ, ರಸ್ತೆ ಬಿಡಬಾರದು ಅನ್ನುವ ಮಾತು ಸರಿ. ರಸ್ತೆ ಇದೆ ಅಂದಮೇಲೆ ಕಣ್ಣುಮುಚ್ಚಿ ಹೋಗಬಹುದು ಅನ್ನುವುದು ಸರಿಯಲ್ಲ. 2023ರ ಡಿಸೆಂಬರ್ ಕೊನೆಯಲ್ಲಿ ಅಪ್ಪರ್ ರೆಡ್ ಲೇಕಿನಲ್ಲಿ ಐಸ್ ಹಾಸೇ ದಡದಿಂದ ಕಿತ್ತು ಬಂತು. ನೂರಕ್ಕೂ ಹೆಚ್ಚು ಜನರನ್ನು ಕಾಪಾಡಿ ತರಬೇಕಾಯಿತು. ಅವರೆಲ್ಲ ಹೊಸಬರಾಗಿದ್ದರಾ? ಆ ವರ್ಷ ಮಿನ್ನೆಸೋಟಾದ ದಾಖಲೆಯಲ್ಲೇ ಅತಿ ಬೆಚ್ಚಗಿನ ಚಳಿಗಾಲ. ನಿಮ್ಮ 11 ವರ್ಷದ ಅನುಭವ ಹೋದ ವರ್ಷಗಳ ಐಸ್‌ದು. ಈ ವರ್ಷದ್ದಲ್ಲ.

ಹಾಸನದವಳು
ನಮಗೆ ಆದದ್ದು ಹೇಳುತ್ತೇನೆ. ಇದನ್ನು ಓದಿ ಆಮೇಲೆ ತೀರ್ಮಾನ ಮಾಡಿ.

ನಾವು ನಾಲ್ಕು ಮನೆಯವರು, ನಾಲ್ಕು ಕಾರು. ಐಸ್ ಅಳೆದಾಗ 16 ಇಂಚು ಇತ್ತು. ಕೋಷ್ಟಕದ ಪ್ರಕಾರ ಧಾರಾಳ, ಅಲ್ವಾ? ಗಾಳಿ ಜೋರಾಗಿತ್ತು ಅಂತ ನಾಲ್ಕೂ ಕಾರನ್ನು ಟೆಂಟಿನ ಪಕ್ಕ ಗೋಡೆಯ ಹಾಗೆ ಸಾಲಾಗಿ ನಿಲ್ಲಿಸಿದೆವು. ದಡದ ಅಂಗಡಿಯಲ್ಲಿ ಒಬ್ಬ ವಯಸ್ಸಾದವರು "ಕಾರಿನ ಪಕ್ಕ ಒಂದು ತೂತು ಕೊರೆದಿಡಿ, ಆಗಾಗ ಅದನ್ನು ನೋಡುತ್ತಿರಿ" ಅಂದಿದ್ದರು. ಯಾಕೆ ಅಂತ ಗೊತ್ತಿರಲಿಲ್ಲ. ಹಿರಿಯರು ಹೇಳಿದ್ದು ಅಂತ ನಮ್ಮವರು ಕೊರೆದರು. ತೂತಿನಲ್ಲಿ ನೀರು ಐಸ್ ಮಟ್ಟದಿಂದ ಎರಡು ಬೆರಳು ಕೆಳಗಿತ್ತು.

ಫ್ಲಾಸ್ಕಿನ ಕಾಫಿ, ಚಕ್ಕುಲಿ, ಮಕ್ಕಳ ಗಲಾಟೆ, ಹೀಗೆ ಒಂದೂವರೆ ಗಂಟೆ ಕಳೆಯಿತು. ನನ್ನ ಮಗ ಬಂದು "ಅಮ್ಮಾ, ತೂತು ತುಂಬಿದೆ" ಅಂದ. ಹೋಗಿ ನೋಡಿದರೆ ನೀರು ಅಂಚಿಗೆ ಬಂದಿದೆ. ನಾವು ನೋಡುತ್ತಾ ನಿಂತ ಹಾಗೇ ಅದು ಮೇಲೆ ಹರಿಯಿತು. ಬೆಳಗ್ಗೆ ಅಂಗಳಕ್ಕೆ ನೀರು ಹಾಕಿದಾಗ ಹರಡುತ್ತದಲ್ಲ, ಹಾಗೆ ಚಕ್ರದ ಕಡೆಗೆ ಹರಡಿತು. ಶಬ್ದ ಇಲ್ಲ, ಬಿರುಕಿಲ್ಲ, ಏನೂ ಇಲ್ಲ. ನೀರು ಮಾತ್ರ.

ಮಕ್ಕಳನ್ನು ದೂರ ನಡೆಸಿಕೊಂಡು ಹೋದೆವು. ಗಂಡಸರು ಒಂದೊಂದೇ ಕಾರು ತೆಗೆದು ದೂರ ದೂರ ನಿಲ್ಲಿಸಿದರು. ಆಮೇಲೆ ನೀರು ನಿಧಾನಕ್ಕೆ ತೂತಿನೊಳಗೆ ಇಳಿಯಿತು. ಆವತ್ತಿನಿಂದ ನಾನು ದಪ್ಪ ಎಷ್ಟು ಅಂತ ಮಾತ್ರ ಕೇಳುವುದಿಲ್ಲ. ಗಾಡಿ ಎಲ್ಲಿ ನಿಂತಿದೆ, ಎಷ್ಟು ಹೊತ್ತಿನಿಂದ ನಿಂತಿದೆ, ಪಕ್ಕದಲ್ಲಿ ಎಷ್ಟು ಗಾಡಿ ಇವೆ, ಎಲ್ಲ ಕೇಳುತ್ತೇನೆ.

ಬೆಳಗಾವಿ_ಅಕ್ಕ
ಓದುವಾಗಲೇ ಎದೆ ಝಲ್ ಅಂತು.

ಮೈಸೂರು_ಮೇಷ್ಟ್ರು
ಹಾಸನದವರ ಅನುಭವ ನೂರಕ್ಕೆ ನೂರು ಲೆಕ್ಕಕ್ಕೆ ಕೂರುತ್ತದೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವನು. ಈಗ ಮ್ಯಾಡಿಸನ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ.

ಐಸ್ ನೀರಿಗಿಂತ ಸುಮಾರು ಶೇಕಡಾ 8ರಷ್ಟು ಹಗುರ. ಹಾಗಾಗಿ ತೇಲುತ್ತದೆ. 40 ಸೆಂಟಿಮೀಟರ್, ಅಂದರೆ 16 ಇಂಚಿನ ಹಾಸಿನಲ್ಲಿ ತೂತು ಕೊರೆದರೆ ನೀರು ಸುಮಾರು 3 ಸೆಂಟಿಮೀಟರ್ ಕೆಳಗೆ ನಿಲ್ಲಬೇಕು. ಅವರು ಹೇಳಿದ ಎರಡು ಬೆರಳು ಅದೇ. ನೀರು ಅಂಚಿಗೆ ಬಂತು ಅಂದರೆ ಐಸ್ ಅಷ್ಟು ಬಗ್ಗಿದೆ ಅಂತ ಅರ್ಥ.

ಇನ್ನು ತೂಕ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿದ್ದ ಗೋಲ್ಡ್ ಎಂಬ ವಿಜ್ಞಾನಿ 1971ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ದಪ್ಪವನ್ನು ಸೆಂಟಿಮೀಟರಿನಲ್ಲಿ ತಗೊಂಡು ವರ್ಗ ಮಾಡಿ, 4ರಿಂದ ಗುಣಿಸಿ. ಬರುವುದೇ ಎಚ್ಚರಿಕೆಯ ಮಿತಿ, ಕಿಲೋದಲ್ಲಿ. 40ರ ವರ್ಗ 1,600. ಇಂಟು 4 ಅಂದರೆ 6,400 ಕಿಲೋ. ನಾಲ್ಕು ಕಾರು, ತಲಾ 1,700 ಅಂದುಕೊಂಡರೂ 6,800 ಕಿಲೋ ಆಯ್ತು. ಒಂದೇ ಕಡೆ ಗುಂಪಾಗಿ ನಿಂತರೆ ಐಸ್ ಪಾಲಿಗೆ ಅದು ಒಂದೇ ಹೊರೆ. ಒಂದೊಂದೇ ಕಾರಿಗೆ ಧಾರಾಳ ಇದ್ದದ್ದು ನಾಲ್ಕಕ್ಕೆ ಸಾಲಲಿಲ್ಲ.

ಗಮನಿಸಿ, ದಪ್ಪ ಅರ್ಧವಾದರೆ ತಡೆಯುವ ಭಾರ ಅರ್ಧವಾಗುವುದಿಲ್ಲ. ಕಾಲು ಭಾಗಕ್ಕೆ ಇಳಿಯುತ್ತದೆ.

ಜೊತೆಗೆ ಈ ಸೂತ್ರ ಓಡುವ ಗಾಡಿಗೆ. ನಿಂತ ಗಾಡಿಯ ಕೆಳಗೆ ಐಸ್ ಹೊತ್ತು ಕಳೆದಂತೆ ಬಗ್ಗುತ್ತಲೇ ಹೋಗುತ್ತದೆ, ಹಳೇ ಮನೆಯ ತೊಲೆಯ ಹಾಗೆ. ಅದಕ್ಕೇ ಕಾರುಗಳ ನಡುವೆ ಕನಿಷ್ಠ 50 ಅಡಿ ಬಿಡಿ, ಎರಡು ಗಂಟೆಗೊಮ್ಮೆ ಜಾಗ ಬದಲಿಸಿ ಅಂತ ಹೇಳುವುದು.

ಗಾಳಗಾರ_ಗೌಡ
ಮೇಷ್ಟ್ರೇ, ಹಿಮ ಜಾಸ್ತಿ ಬಿದ್ದರೂ ತೂತಿನಲ್ಲಿ ನೀರು ಮೇಲೆ ಬರುತ್ತದೆ. ಗಾಡಿಯೇ ಇಲ್ಲದ ಕಡೆ ನಾನೇ ನೋಡಿದ್ದೇನೆ.

ಮೈಸೂರು_ಮೇಷ್ಟ್ರು
ಸರಿಯಾದ ಮಾತು. ಹಿಮವೂ ಭಾರವೇ, ಅದೂ ಐಸನ್ನು ಒತ್ತುತ್ತದೆ. ಅಂದರೆ ಹೊರೆಯ ಮೇಲೆ ಹೊರೆ ಹಾಕಲು ನೀವು ಗಾಡಿ ತರುತ್ತಿದ್ದೀರಿ ಅಂತಾಯಿತು. ಮತ್ತೆ ಹಿಮ ಕಂಬಳಿಯ ಹಾಗೆ. ಚಳಿಯನ್ನು ಒಳಗೆ ಬಿಡುವುದಿಲ್ಲ. ಹಿಮದ ಕೆಳಗೆ ಐಸ್ ದಪ್ಪವಾಗುವುದೂ ನಿಧಾನ.

ಶಿವಮೊಗ್ಗ_ಎಕ್ಸ್‌ಪ್ರೆಸ್
ನಾನು ಕೇಳಿದ್ದು ಏನೆಂದರೆ ಸ್ಪೀಡಾಗಿ ಹೋಗಿಬಿಟ್ಟರೆ ಐಸ್‌ಗೆ ಒಡೆಯಲು ಟೈಮೇ ಸಿಗುವುದಿಲ್ಲ ಅಂತ. ನಿಜ ಅಲ್ವಾ?

ಡುಲುತ್_ರಾಯ
ಅಯ್ಯೋ, ದಯವಿಟ್ಟು ಇದನ್ನು ಯಾರಿಗೂ ಹೇಳಬೇಡಿ.

ಮೈಸೂರು_ಮೇಷ್ಟ್ರು
ಇದು ಅಪಾಯದ ಮಾತು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಗಾಡಿ ಚಲಿಸುವಾಗ ಕೆಳಗೆ ಐಸ್ ಸ್ವಲ್ಪ ತಗ್ಗಾಗುತ್ತದೆ. ಆ ತಗ್ಗಿನಿಂದ ನೀರಿನಲ್ಲಿ ಅಲೆ ಏಳುತ್ತದೆ. ಅಲೆಗೆ ತನ್ನದೇ ವೇಗ ಇದೆ, ಅದು ನೀರಿನ ಆಳದ ಮೇಲೆ ನಿಂತಿದೆ. 12 ಅಡಿ ಆಳದಲ್ಲಿ ಗಂಟೆಗೆ ಸುಮಾರು 13 ಮೈಲಿ. ಮಿಲ್ ಲ್ಯಾಕ್ಸಿನ ಅತಿ ಆಳದ ಜಾಗ ಸುಮಾರು 42 ಅಡಿ, ಅಲ್ಲಿ 25 ಮೈಲಿಯ ಆಸುಪಾಸು. ನಿಮ್ಮ ವೇಗವೂ ಅಲೆಯ ವೇಗವೂ ಒಂದೇ ಆದರೆ ಅಲೆ ನಿಮ್ಮ ಜೊತೆಯಲ್ಲೇ ಬೆಳೆಯುತ್ತಾ ಬರುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ. ಐಸ್ ಸಹಜವಾಗಿ ಬಗ್ಗುವುದಕ್ಕಿಂತ ಜಾಸ್ತಿ ಬಗ್ಗುತ್ತದೆ. ದಡದ ಹತ್ತಿರ ಆಳ ಕಡಿಮೆ, ಅಲೆ ದಡಕ್ಕೆ ಹೊಡೆದು ವಾಪಸ್ಸೂ ಬರುತ್ತದೆ. ಹಾಗಾಗಿ ದಡಕ್ಕೆ ಬರುವಾಗ ಇನ್ನೂ ನಿಧಾನ.

ಶಿವಮೊಗ್ಗ_ಎಕ್ಸ್‌ಪ್ರೆಸ್
ಆದರೆ ಎಸ್ಟೋನಿಯಾದಲ್ಲಿ 40ರಿಂದ 70 ಕಿ.ಮೀ. ವೇಗಕ್ಕೆ ಅವಕಾಶ ಇದೆ. ನಾನು ಸುಮ್ನೆ ಹೇಳುತ್ತಿಲ್ಲ. ಚಳಿ ಜೋರಾಗಿರುವ ವರ್ಷ ಹಿಯುಮಾ ದ್ವೀಪಕ್ಕೆ ಸಮುದ್ರದ ಐಸ್ ಮೇಲೆ 26 ಕಿ.ಮೀ.ಗೂ ಉದ್ದದ ರಸ್ತೆ ಮಾಡುತ್ತಾರೆ.

ಮೈಸೂರು_ಮೇಷ್ಟ್ರು
ನೀವು ಅರ್ಧ ಮಾತ್ರ ಹೇಳಿದಿರಿ. ಅಲ್ಲಿ 10ರಿಂದ 25 ಅಥವಾ 40ರಿಂದ 70. ನಡುವಿನ 25ರಿಂದ 40 ಹೋಗಲೇಬಾರದು, ಇದೇ ಅಲೆಯ ಕಾರಣಕ್ಕೆ. ಅದು ಸರ್ಕಾರ ದಿನಾ ಅಳೆದು ತೆರೆಯುವ, ಕತ್ತಲಾದ ಮೇಲೆ ಮುಚ್ಚುವ ರಸ್ತೆ. ಗಾಡಿಗಳ ನಡುವೆ 250 ಮೀಟರ್ ಅಂತರ ಬೇಕು. ಮಿಲ್ ಲ್ಯಾಕ್ಸಿನಲ್ಲಿ ಆಳ ಗೊತ್ತಿಲ್ಲದವರು ಆ ಲೆಕ್ಕ ಹಿಡಿಯಬಾರದು.

ಎರಡನೇ ಮಹಾಯುದ್ಧದಲ್ಲಿ ಲೆನಿನ್‌ಗ್ರಾಡ್‌ಗೆ ಮುತ್ತಿಗೆ ಬಿದ್ದಾಗ ಲಡೋಗಾ ಸರೋವರದ ಮೇಲೆ 1941ರ ನವೆಂಬರಿನಲ್ಲಿ ಲಾರಿ ಓಡಿಸಿದರು. ಐಸ್ ಇನ್ನೂ ತೆಳುವಾಗಿತ್ತು. ಹಾಗಾಗಿ ಮೊದಮೊದಲು ಲಾರಿಯಲ್ಲಿ ಕೆಲವೇ ಮೂಟೆ ಹೇರಿ, ಉಳಿದ ಭಾರವನ್ನು ಹಿಂದೆ ಕಟ್ಟಿದ ಜಾರುಬಂಡಿಗೆ ಹಂಚಿದರು. ಚಾಲಕರು ಬಾಗಿಲು ತೆರೆದೇ ಓಡಿಸುತ್ತಿದ್ದರು, ಆ ಚಳಿಯಲ್ಲಿ. ಯಾವ ವೇಗದಲ್ಲಿ ಐಸ್ ಜಾಸ್ತಿ ಬಗ್ಗುತ್ತದೆ ಅಂತ ಅಲ್ಲಿನ ವಿಜ್ಞಾನಿಗಳು ಆಗಲೇ ಐಸ್ ಮೇಲೆ ಉಪಕರಣ ಇಟ್ಟು ಅಳೆದರು. ಹಸಿದ ಊರಿಗೆ ಹಿಟ್ಟು ಮುಟ್ಟಿಸಬೇಕಿತ್ತು, ಬೇರೆ ದಾರಿ ಇರಲಿಲ್ಲ. ಮೀನು ಹಿಡಿಯಲು ಹೋಗುವ ನಮಗೆ ಅಂಥ ಅವಸರ ಏನಿದೆ?

ಯೆಲ್ಲೋನೈಫ್_ವಾಸಿ
ಇಲ್ಲಿ ಕೆನಡಾದ ಉತ್ತರದಲ್ಲೂ ಅದೇ ನಿಯಮ. ಟಿಬಿಟ್-ಕಾಂಟ್ವಾಯ್ಟೋ ಅನ್ನುವ ಹೆಸರಿನಲ್ಲಿ ವಜ್ರದ ಗಣಿಗಳಿಗೆ ಪ್ರತಿ ವರ್ಷ ಹೊಸದಾಗಿ ಚಳಿಗಾಲದ ರಸ್ತೆ ಮಾಡುತ್ತಾರೆ. ಬಹುಪಾಲು ಸರೋವರಗಳ ಮೇಲೆಯೇ. ವರ್ಷಕ್ಕೆ ಎರಡು ತಿಂಗಳ ಆಸುಪಾಸು ಮಾತ್ರ ತೆರೆದಿರುತ್ತದೆ. ತುಂಬಿದ ಟ್ರಕ್ಕಿಗೆ ಗಂಟೆಗೆ 25 ಕಿ.ಮೀ. ಮಿತಿ. ಒಂದು ಮೀಟರ್ ಆಸುಪಾಸು ದಪ್ಪ ಇದ್ದರೂ ಆಮೆಯ ಹಾಗೆ ಹೋಗುತ್ತಾರೆ. ಅದೇ ಅವರ ಕಸುಬು, ಆದರೂ ನಿಧಾನ.

ವಿನಿಪೆಗ್_ನರ್ಸಕ್ಕ
ಸೀಟ್ ಬೆಲ್ಟ್ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಾನು ಹೇಳುತ್ತೇನೆ.

ಐಸ್ ಮೇಲೆ ಬೆಲ್ಟ್ ಬಿಚ್ಚಿರಬೇಕು, ಕಿಟಕಿ ಇಳಿಸಿರಬೇಕು. ಮಗು ಬೂಸ್ಟರ್ ಸೀಟಿನಲ್ಲಿದ್ದರೆ ಅದರ ಬೆಲ್ಟೂ ಬಿಚ್ಚಿರಬೇಕು. ಕಾರು ನೀರಿಗೆ ಬಿದ್ದರೆ ಸುಮಾರು ಒಂದು ನಿಮಿಷ ತೇಲುತ್ತದೆ. ಹೊರಗೆ ಬರಲು ಸಿಗುವುದು ಅಷ್ಟೇ. ನಮ್ಮ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಪ್ರೊಫೆಸರ್ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು ನಿಜವಾದ ಕಾರುಗಳನ್ನೇ ನೀರಿಗಿಳಿಸಿ ನೋಡಿದವರು. ಅವರು ಹೇಳುವ ಕ್ರಮ ಹೀಗಿದೆ: ಬೆಲ್ಟ್, ಕಿಟಕಿ, ಮಕ್ಕಳು, ಹೊರಗೆ. ಫೋನ್ ಮಾಡಲು ಹೋಗಬೇಡಿ. ಬಾಗಿಲು ತಳ್ಳಬೇಡಿ, ನೀರಿನ ಒತ್ತಡಕ್ಕೆ ತೆರೆಯುವುದಿಲ್ಲ, ತೆರೆದರೂ ನೀರು ನುಗ್ಗುತ್ತದೆ.

ಕಿಟಕಿ ಒಡೆಯುವ ಸುತ್ತಿಗೆ ಇಟ್ಟುಕೊಳ್ಳಿ. ಆದರೆ ಹೊಸ ಕಾರುಗಳಲ್ಲಿ ಪಕ್ಕದ ಗಾಜೂ ಲ್ಯಾಮಿನೇಟೆಡ್, ಅಂದರೆ ನಡುವೆ ಪ್ಲಾಸ್ಟಿಕ್ ಪದರ ಇರುವ ಗಾಜು, ಇರಬಹುದು. ಅದು ಸುತ್ತಿಗೆಗೆ ಒಡೆಯುವುದಿಲ್ಲ. ಗಾಜಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಇವತ್ತೇ ಹೋಗಿ ನೋಡಿ.

ನೀರಿಗೆ ಬಿದ್ದ ಮೇಲೆ 1-10-1 ನೆನಪಿಡಿ. ಮೊದಲ 1 ನಿಮಿಷ ಉಸಿರು ಹಿಡಿತಕ್ಕೆ ಬರುವುದಿಲ್ಲ. ಆಗ ತಲೆ ಮೇಲಿಟ್ಟು ಉಸಿರಾಡುವುದಷ್ಟೇ ಕೆಲಸ. ಆಮೇಲೆ 10 ನಿಮಿಷ ಕೈಕಾಲು ಮಾತು ಕೇಳುತ್ತವೆ. ಸುಮಾರು 1 ಗಂಟೆಯವರೆಗೆ ಪ್ರಜ್ಞೆ ಇರುತ್ತದೆ. ಬಂದ ದಿಕ್ಕಿಗೇ ತಿರುಗಿ, ಯಾಕಂದರೆ ಅಲ್ಲಿಯವರೆಗೆ ಐಸ್ ನಿಮ್ಮನ್ನು ಹೊತ್ತಿತ್ತು. ಕುತ್ತಿಗೆಗೆ ಐಸ್ ಪಿಕ್ ಹಾಕಿಕೊಂಡಿರಿ, ಎರಡು ಹಿಡಿ, ತುದಿಯಲ್ಲಿ ಮೊಳೆ. ಅದನ್ನು ಚುಚ್ಚಿ, ಕಾಲು ಬಡಿದು, ಹೊಟ್ಟೆಯ ಮೇಲೆ ಹೊರಗೆ ಬನ್ನಿ. ಎದ್ದು ನಿಲ್ಲಬೇಡಿ, ಉರುಳಿಕೊಂಡು ದೂರ ಹೋಗಿ.

ಗಾಳಗಾರ_ಗೌಡ
ಅಕ್ಕ, ಬೆಲ್ಟ್ ವಿಷಯ ನಾನು ಒಪ್ಪುವುದಿಲ್ಲ. ಆ ರಸ್ತೆಯಲ್ಲಿ ಎದುರಿನಿಂದ ಹುಡುಗರು 30 ಮೈಲಿ ವೇಗದಲ್ಲಿ ಬರುತ್ತಾರೆ. ಬ್ರೇಕ್ ಹಿಡಿಯುವುದಿಲ್ಲ. ಡಿಕ್ಕಿ ಆದರೆ?

ವಿನಿಪೆಗ್_ನರ್ಸಕ್ಕ
ಭಯ ನ್ಯಾಯವಾದದ್ದೇ. ಅದಕ್ಕೆ ಉತ್ತರ ನಿಧಾನ, ಬೆಲ್ಟ್ ಅಲ್ಲ. 10 ಮೈಲಿಯಲ್ಲಿ ಹೋಗಿ, ಜಾಗ ಕೊಟ್ಟು ನಿಲ್ಲಿ. ದಡ ಹತ್ತಿದ ತಕ್ಷಣ ಬೆಲ್ಟ್ ಹಾಕಿ. ಎಸ್ಟೋನಿಯಾದ ಐಸ್ ರಸ್ತೆಯಲ್ಲೂ ಬೆಲ್ಟ್ ಹಾಕಬಾರದು ಅಂತಲೇ ನಿಯಮ.

ಧಾರವಾಡ_ಮಾಜಿ_ಯೋಧ
ಲಡಾಖ್‌ನಲ್ಲಿ ನಾನು ಸೇನೆಯ ಗಾಡಿ ಓಡಿಸಿದವನು, ಎರಡು ಚಳಿಗಾಲ. ಪಾಂಗಾಂಗ್ ಸರೋವರ 4,200 ಮೀಟರಿಗಿಂತ ಎತ್ತರದಲ್ಲಿದೆ. ನೀರು ಉಪ್ಪು, ಆದರೂ ಹೆಪ್ಪುಗಟ್ಟುತ್ತದೆ. 2023ರ ಫೆಬ್ರವರಿಯಲ್ಲಿ ಅದರ ಮೇಲೆ 21 ಕಿ.ಮೀ. ಓಟವನ್ನೂ ನಡೆಸಿದರು. ಅದನ್ನು ನೋಡಿ ಬೆಂಗಳೂರಿನ ಹುಡುಗರು ಬಾಡಿಗೆ ಗಾಡಿ ಇಳಿಸಲು ಹೊರಡುತ್ತಾರೆ. ಓಡುವವನ ತೂಕ 70 ಕಿಲೋ, ಗಾಡಿಯದು 2 ಟನ್. ಉಪ್ಪು ನೀರಿನ ಐಸ್ ಸಿಹಿ ನೀರಿನದಕ್ಕಿಂತ ಮೆತ್ತಗೆ. ಆ ಎತ್ತರದಲ್ಲಿ ಬಿದ್ದರೆ ಎತ್ತಲು ಹತ್ತಿರದಲ್ಲಿ ಯಾರೂ ಇರುವುದಿಲ್ಲ.

ಬೆಳಗಾವಿ_ಅಕ್ಕ
ಶ್ರೀನಗರದ ದಾಲ್ ಮೇಲೆ ಹಿಂದೆ ಜೀಪ್ ಓಡಿಸಿದ್ದರು ಅಂತಾರಲ್ಲ?

ಧಾರವಾಡ_ಮಾಜಿ_ಯೋಧ
ಅಲ್ಲಿನ ಹಿರಿಯರೂ ಹೇಳುತ್ತಾರೆ. ಈಗ ನಡೆದು ಕೂಡ ಹೋಗಬೇಡಿ ಅಂತ ಎಚ್ಚರಿಕೆ ಕೊಡುತ್ತಾರೆ. ದಾಲ್‌ಗೆ ತಳದಲ್ಲಿ ಒರತೆಗಳಿವೆ. ಒರತೆ ಇದ್ದ ಕಡೆ ಐಸ್ ತೆಳು.

ತುಮಕೂರು_ಕೆರೆಗಾರ
ಇದನ್ನೇ ಹೇಳಬೇಕು ಅಂತಿದ್ದೆ. ನಾವು ಕೆರೆ ದಡದಲ್ಲಿ ಬೆಳೆದವರು, ಕೆರೆ ಓದುವುದು ನಮಗೆ ಗೊತ್ತಿರಬೇಕು. ಹಳ್ಳ ಬಂದು ಸೇರುವ ಬಾಯಿ ಎಲ್ಲಿ, ಕೋಡಿ ಎಲ್ಲಿ, ಒರತೆ ಎಲ್ಲಿ, ಇದನ್ನು ಮೊದಲು ಕೇಳಿ. ನೀರು ಓಡಾಡುವ ಕಡೆ ಐಸ್ ಕೈ ಕೊಡುತ್ತದೆ. ಸೇತುವೆ ಕೆಳಗೆ, ಜೊಂಡು ಇರುವ ಕಡೆ, ಬಾತುಗಳು ಕೂತಿದ್ದ ಕಡೆ ಕೂಡ. ನಡೆಯುವಾಗ ಕೈಯಲ್ಲಿ ಹಾರೆ ಇರಲಿ. ಇಲ್ಲಿ ಸ್ಪಡ್ ಬಾರ್ ಅಂತ ಮಾರುತ್ತಾರೆ, ನೋಡಿದರೆ ನಮ್ಮೂರ ಹಾರೆಯೇ. ಮುಂದೆ ಕುಟ್ಟಿ, ಆಮೇಲೆ ಹೆಜ್ಜೆ ಇಡಿ.

ಕೋಲಾರ_ಚಿನ್ನ
ಸ್ವಲ್ಪ ವಿಷಯಾಂತರ. ವಾಲೈ ಮೀನು ಸಿಕ್ಕರೆ ಮುಳ್ಳು ಕಡಿಮೆ, ರವೆ ಹಚ್ಚಿ ತವಾ ಮೇಲೆ ಹಾಕಿ. ನಮ್ಮ ಮನೆಯಲ್ಲಿ ಕಾಣೆ ಮೀನು ಬಿಟ್ಟರೆ ಇದೇ.

ಗಾಳಗಾರ_ಗೌಡ
ರವೆ ಜೊತೆ ಸ್ವಲ್ಪ ಅಕ್ಕಿ ಹಿಟ್ಟು ಸೇರಿಸಿ, ಗರಿಗರಿ ಬರುತ್ತದೆ. ಲೈಸೆನ್ಸ್ ಮಾಡಿಸಿ ಮರೆಯದೆ.

ಡುಲುತ್_ರಾಯ
ಖರ್ಚಿನ ಮಾತೂ ತಿಳಿದಿರಲಿ. ಮಿನ್ನೆಸೋಟಾದಲ್ಲಿ ಗಾಡಿ ಮುಳುಗಿದರೆ 30 ದಿನದೊಳಗೆ ಮಾಲೀಕರೇ ತೆಗೆಸಬೇಕು. ಮುಳುಗುಗಾರರು, ಕ್ರೇನು, ಎಲ್ಲ ನಮ್ಮ ಕೈಯಿಂದ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಐಸ್ ಬಗ್ಗೆ ಏನಿದೆ ಅಂತ ಹೋಗುವ ಮುಂಚೆಯೇ ಫೋನ್ ಮಾಡಿ ಕೇಳಿ.

ತಿಪಟೂರು_ಹುಡುಗ
ಎಲ್ಲರಿಗೂ ತುಂಬಾ ಧನ್ಯವಾದ. ಶನಿವಾರ ಹೋಗಿ ಬಂದೆವು. ಏನಾಯಿತು ಅಂತ ಬರೆಯುತ್ತೇನೆ.

ಕಾರನ್ನು ದಡದಲ್ಲೇ ಬಿಟ್ಟೆವು. ಹೆಂಡತಿ, ಮಗಳು ರೆಸಾರ್ಟಿನ ಒಳಗೆ ಕೂತರು. ನಾನು, ಸ್ನೇಹಿತರು ಹಾರೆ ಕುಟ್ಟಿಕೊಂಡು ನಡೆದೆವು. ಅವರ ಹತ್ತಿರ ಕೈಯಲ್ಲಿ ತಿರುಗಿಸಿ ಐಸ್ ಕೊರೆಯುವ ಆಗರ್ ಇತ್ತು. ತುದಿಯಲ್ಲಿ ಕೊಕ್ಕೆ ಇರುವ ಅಳತೆ ಕೋಲನ್ನು ತೂತಿಗೆ ಇಳಿಸಿ, ಐಸ್‌ನ ತಳಕ್ಕೆ ಕೊಕ್ಕೆ ಸಿಗಿಸಿ ಎಳೆದು ಓದುವುದು. ಸುಮಾರು 150 ಅಡಿಗೊಂದು ತೂತು ಕೊರೆದೆವು. 14 ಇಂಚು. 13. ಮತ್ತೆ 13. ಆಗರಿನ ಸುತ್ತ ಬೀಳುವ ಪುಡಿ ತುರಿದ ಕೊಬ್ಬರಿಯ ಹಾಗೆ ಬೆಳ್ಳಗೆ, ಒಣಗಿ ಬರುತ್ತಿತ್ತು.

ರಸ್ತೆ ಅಲ್ಲಿ ಬಲಕ್ಕೆ ತಿರುಗುತ್ತದೆ. ನೇರ ಹೋದರೆ ಫಿಶ್ ಹೌಸ್ ಹತ್ತಿರ, ಅದಕ್ಕೆ ಕೆಲವರು ಅಡ್ಡದಾರಿ ಮಾಡಿಕೊಂಡಿದ್ದಾರೆ. ಚಕ್ರದ ಗುರುತೂ ಇತ್ತು. ಸ್ನೇಹಿತರು "ಇಲ್ಲೂ ನೋಡೋಣ" ಅಂದರು. ರಸ್ತೆಯಿಂದ ನಲವತ್ತು ಹೆಜ್ಜೆ ಆಚೆ, ಎರಡು ಹಾಸು ಸೇರಿ ಉಬ್ಬಿದ ಬಿರುಕಿನ ಪಕ್ಕ ಕೊರೆದೆವು. ಆಗರ್ ಬೇಗ ಇಳಿಯಿತು. ಪುಡಿ ಒದ್ದೆಯಾಗಿತ್ತು. ಕೊಕ್ಕೆ ಹಾಕಿ ನೋಡಿದರೆ 7 ಇಂಚು.

ಅಲ್ಲೇ ನಿಂತು ಮೇಷ್ಟ್ರ ಲೆಕ್ಕ ಮಾಡಿದೆ. 7 ಇಂಚು ಅಂದರೆ 18 ಸೆಂಟಿಮೀಟರ್. ವರ್ಗ 324. ಇಂಟು 4, ಸುಮಾರು 1,300 ಕಿಲೋ. ನನ್ನ ಗಾಡಿ ಒಂದೇ 1,600 ಕಿಲೋ ದಾಟುತ್ತದೆ. ಮೂರು ಜನ ಸೇರಿ ಇನ್ನಷ್ಟು. ಮೇಲಿನಿಂದ ನೋಡಿದರೆ ಎರಡೂ ಕಡೆ ಒಂದೇ ಬಿಳುಪು.

ಮೈಸೂರು_ಮೇಷ್ಟ್ರು
ಅಳೆದಿರಲ್ಲ, ನನಗೆ ತುಂಬಾ ಸಂತೋಷವಾಯಿತು. ಆ ಬಿರುಕಿನ ವಿಷಯ ರೆಸಾರ್ಟಿನವರಿಗೆ ಹೇಳಿದಿರಾ?

ತಿಪಟೂರು_ಹುಡುಗ
ಹೇಳಿದೆವು ಸರ್. ನಾವು ಹೊರಡುವ ಮುಂಚೆ ಅವರು ಆ ಅಡ್ಡದಾರಿಯ ಎರಡೂ ತುದಿಗೆ ಕೋಲು ನೆಟ್ಟು ಹಗ್ಗ ಕಟ್ಟುತ್ತಿದ್ದರು.